ಮೂವರ ಅಳತೆಯ ಕೋಟು

ಬೆಟಗೇರಿಯ ದಾನಪ್ಪ ಎಷ್ಟು ಎತ್ತರವಿದ್ದ ಎಂದರೆ, ಮುಂಬಯಿಯ ವಡಾಲದಲ್ಲಿ ತಾನಿದ್ದ ಚಾಳಿನ ಬಾಡಿಗೆ ಖೋಲಿಯೊಳಗೆ ಹಣೆ ಬಡಿಸಿಕೊಳ್ಳದೆ ಅವನು ಕಾಲಿಟ್ಟ ದಿನವೇ ಅಪರೂಪ. ಬಡಿಸಿಕೊಂಡಾಗಲೆಲ್ಲ "ಸ್ವಾಮೀ, ತಗ್ಗಿ ನಡೆಯುವುದನ್ನು ಕಲಿಸು" ಎಂದು ಅಲ್ಲೇ ನಿಂತು ಪ್ರಾರ್ಥಿಸುತ್ತಿದ್ದ. ಮರುದಿನ ಮತ್ತೆ ಬಡಿಸಿಕೊಳ್ಳುತ್ತಿದ್ದ. ಕೈಕಾಲು ಕಡ್ಡಿ, ಕತ್ತು ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಈ ಕೊನೆಯ ಮಾತು ನಮ್ಮದಲ್ಲ, ಅವನದೇ. ತನ್ನನ್ನು ತಾನು ಆಡಿಕೊಳ್ಳುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಆಡಿಕೊಂಡ ಮಾತ್ರಕ್ಕೆ ತಿದ್ದಿಕೊಂಡ ಎಂದು ಮಾತ್ರ ಯಾರೂ ತಿಳಿಯಬಾರದು.

ಹಗಲೆಲ್ಲ ಬಂದರಿನ ಗೋದಾಮಿನಲ್ಲಿ ಮೂಟೆ ಎಣಿಸುವ ಗುಮಾಸ್ತಿಕೆ. ಆದಿತ್ಯವಾರ ಬಂತೆಂದರೆ ವಿಲೆ ಪಾರ್ಲೆಯಲ್ಲಿ ಕನ್ನಡ ಕ್ರೈಸ್ತರ ಸಭೆ. ಸಭೆಗೆ ಸ್ವಂತ ದೇವಾಲಯವಿರಲಿಲ್ಲ, ಒಂದು ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದಿದ್ದರು. ಪಾದ್ರಿಗಳು ತಿಂಗಳಿಗೊಮ್ಮೆ ಪುಣೆಯಿಂದ ಬರುವವರು. ಉಳಿದ ವಾರಗಳಲ್ಲಿ ಬಾಯಿ ಇದ್ದವರು ಮಾತಾಡಬೇಕು. ಬಾಯಿ ಇದ್ದದ್ದು ದಾನಪ್ಪನಿಗೆ.

ಅವನ ಅಪ್ಪ ಮಿಶನ್ನಿನ ಉಪದೇಶಿ. ಮಗನಿಗೆ ಪೂರ್ತಿ ತದ್ವಿರುದ್ಧ ಆಳು: ಗಿಡ್ಡ, ಗುಂಡಗೆ, ಮಾತು ಕಡಿಮೆ. ಕರಿಯ ಕೋಟು ತೊಟ್ಟು, ಕೊಡೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗಿ ವಾಕ್ಯ ಹೇಳಿ ಬರುತ್ತಿದ್ದ. ಅವನು ತೀರಿಕೊಂಡ ಬೇಸಿಗೆಯಲ್ಲಿ ಊರಿಗೆ ಹೋದ ದಾನಪ್ಪನ ಪಾಲಿಗೆ ಬಂದದ್ದು ಆ ಕೋಟೊಂದೇ. ತೊಟ್ಟು ನೋಡಿದ. ತೋಳು ಮೊಣಕೈ ದಾಟಲಿಲ್ಲ, ಹೊಟ್ಟೆಯ ಕಡೆ ಇನ್ನೊಬ್ಬ ದಾನಪ್ಪನನ್ನು ಕೂರಿಸಬಹುದಿತ್ತು. ಆದರೂ ಮಡಚಿ ಮುಂಬಯಿಗೆ ತಂದ. ಪೆಟ್ಟಿಗೆಯ ಮುಗ್ಗಲು ವಾಸನೆ ಹೋಗಲಿ ಎಂದು ಸುತ್ತು ಬಳಸಿ ಹೋಗಿ, ವಿಲೆ ಪಾರ್ಲೆಯಲ್ಲಿ ಸಭೆಯ ಹಾಲಿನ ಹತ್ತಿರದ ಸಿದ್ದರಾಮಪ್ಪನ ಲಾಂಡ್ರಿಯಲ್ಲಿ ಬಿಟ್ಟು ಖೋಲಿಗೆ ಬಂದ.

ಖೋಲಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬ ಮುರಿಗೆಪ್ಪ, ಬೈಲಹೊಂಗಲದ ಲಿಂಗಾಯತ, ಬಟ್ಟೆ ಮಾರುಕಟ್ಟೆಯಲ್ಲಿ ಸಣ್ಣ ದಲ್ಲಾಳಿ. ಇಂದಲ್ಲ ನಾಳೆ ಸ್ವಂತ ಅಂಗಡಿ ಇಡುತ್ತೇನೆ ಎನ್ನುವವ. ದಾನಪ್ಪನ ಓರಗೆಯವ, ವಾದ ಮಾಡುವ ಚಟಕ್ಕೆಂದೇ ಎಷ್ಟೋ ಆದಿತ್ಯವಾರ ವಿಭೂತಿ ಹಚ್ಚಿಕೊಂಡೇ ಕ್ರೈಸ್ತರ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದವ. ಇನ್ನೊಬ್ಬ ದೂಜ, ಮಂಗಳೂರು ಸೀಮೆಯ ಕೆಥೋಲಿಕ್ ಪರ್ಬು. ವಯಸ್ಸಿನಲ್ಲಿ ಇಬ್ಬರಿಗಿಂತಲೂ ದೊಡ್ಡವ, ಗಿಡ್ಡ, ದುಂಡಗೆ. ಕೋಟೆ ಭಾಗದ ಒಂದು ಕ್ಲಬ್ಬಿನಲ್ಲಿ ಊಟದ ಮೇಜು ನೋಡಿಕೊಳ್ಳುತ್ತಿದ್ದ. ಸರಕಾರ ಹೆಂಡ ನಿಲ್ಲಿಸಿ ದಾರೂಬಂದಿ ತಂದ ಮೇಲೆ ಕ್ಲಬ್ಬಿಗೆ ಜನ ಕಡಿಮೆಯಾಗಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತ ಬಂದು, ಕೊನೆಗೆ ಇವನನ್ನೂ ಕಳಿಸಿದ್ದರು. ಊರಲ್ಲಿ ಹೆಂಡತಿ, ಹೆಣ್ಣುಮಕ್ಕಳು. ಇಲ್ಲಿ ಮದುವೆಮನೆಗಳಲ್ಲಿ ಬಡಿಸುವ ಕೆಲಸ ಸಿಕ್ಕಿದ ದಿನ ದುಡಿಮೆ, ಸಿಗದ ದಿನ ಮೂವರ ಅಡಿಗೆ.

ಅದು ಐವತ್ತೈದನೆಯ ಇಸವಿ. ಪೇಪರು ಬಿಡಿಸಿದರೆ ಸಮಾಜವಾದಿ ಮಾದರಿಯ ಸಮಾಜ, ಮಡಚಿದರೆ ಸಮಾಜವಾದಿ ಮಾದರಿಯ ಸಮಾಜ. ದಾನಪ್ಪನ ತಲೆಗೆ ಹುಳ ಬಿಟ್ಟಂತಾಯಿತು. ಇದೆಲ್ಲ ನಮ್ಮ ಅಪೊಸ್ತಲರು ಆವತ್ತೇ ಮಾಡಿ ಮುಗಿಸಿದ್ದಲ್ಲವೇ? ನಂಬಿದವರು ಹೊಲಮನೆ ಮಾರಿ ತಂದು ಒಟ್ಟಿಗಿಟ್ಟು, ಎಲ್ಲವನ್ನೂ ಹುದುವಾಗಿ ಅನುಭವಿಸಿದರಲ್ಲವೇ? ಡೆಲ್ಲಿಯವರಿಗೆ ಈಗ ಗೊತ್ತಾಯಿತು, ಪಾಪ!

"ಕ್ರಿಸ್ತ ಸ್ವಾಮಿ ಸಮಾಜವಾದಿ," ಎಂದ ಒಂದು ಸಂಜೆ, ಸ್ಟೋವಿನ ಮುಂದೆ ಕೂತು.

"ಹೌದಾ? ಯಾವ ಪಾರ್ಟೀಲೇ ಆಂವ?" ಎಂದ ಮುರಿಗೆಪ್ಪ.

"ನಗಬ್ಯಾಡ. ದ್ರಾಕ್ಷಿ ತ್ವಾಟದ ಮಾಲಕನ ಕಥಿ ಗೊತ್ತಿಲ್ಲೇನು? ಮುಂಜಾನೆ ಬಂದಾಂವಗೂ ಅಷ್ಟ ಕೂಲಿ, ಸಂಜಿಗೆ ಬಂದಾಂವಗೂ ಅಷ್ಟ ಕೂಲಿ. ದುಡದಷ್ಟ ಅಲ್ಲ, ಬೇಕಾದಷ್ಟ."

"ತ್ವಾಟಾ ಯಾರ್ದಪಾ?"

"ಮಾಲಕಂದು."

"ನೋಡು. ತ್ವಾಟಾ ಅವನ ಸ್ವಂತದ್ದು ಅಂತs ಅವಗ ಕೊಡಾಕ ಬಂತು. ಕೇಳಿದವರಿಗೆ ಆಂವ ಏನಂದಾ? ನನ್ನ ಬದುಕು, ನನ್ನ ಇಷ್ಟ ಅಂದಾ. ಇದ ಬಂಡವಾಳ ಅಲ್ಲದ ಮತ್ತೇನಲೇ? ಸರಕಾರದ ತ್ವಾಟಾ ಆಗಿದ್ರ ಸಂಜಿಗೆ ಬಂದಾಂವಗ ಅರ್ಜಿ ಬರದ ಕೊಡು ಅಂತಿದ್ರು."

ದೂಜ ಮೀನು ಹುರಿಯುತ್ತ, "ನಿಮ್ಮಿಬ್ಬರಿಗೂ ತೋಟ ಇಲ್ಲ ಅಲ್ವಾ ಮಾರಾಯ್ರೆ, ಮತ್ತೆ ಎಂತಕ್ಕೆ ಬೊಬ್ಬೆ?" ಎನ್ನುತ್ತಿದ್ದ. ಮುರಿಗೆಪ್ಪ ಮೀನಿನ ವಾಸನೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತೇ ವಾದ ಮುಂದುವರಿಸುತ್ತಿದ್ದ. ಹೀಗೆ ಅವರ ದಿನಗಳು ಸುಖವಾಗಿಯೇ ಸಾಗಿದ್ದವು.

ಸುಖ ದಾನಪ್ಪನಿಗೆ ಹಿಡಿಸಬೇಕಲ್ಲ! ಬರೀ ಬಾಯಿಮಾತಿನ ಸಮಾಜವಾದ ಸಾಕು, ಮಾಡಿ ತೋರಿಸಬೇಕು ಎಂದು ಹಟ ಹಿಡಿದ. ಎಲ್ಲಿಂದ ಶುರು? ಕೋಟಿನಿಂದ. ಮೂವರಿಗೂ ಒಂದೊಂದು ಕೋಟಿತ್ತು. ಆದಿತ್ಯವಾರ ಒಂದು ಹೊತ್ತು ಮೈಮೇಲೆ, ಉಳಿದ ದಿನವೆಲ್ಲ ಟ್ರಂಕಿನಲ್ಲಿ. ಉಡಲಿಕ್ಕಿಲ್ಲದವರು ಫುಟ್‌ಪಾತಿನಲ್ಲಿ ಮಲಗಿರುವಾಗ ಮೂರು ಕೋಟು ಸುಮ್ಮನೆ ನಿದ್ದೆ ಮಾಡುವುದು ಪಾಪವಲ್ಲವೇ? ಮೂರನ್ನೂ ಮಾರುವುದು, ಒಂದು ಒಳ್ಳೆಯ ಕೋಟು ಹೊಲಿಸಿ ಪಾಳಿಯ ಮೇಲೆ ತೊಡುವುದು, ಉಳಿದದ್ದನ್ನು ದೂಜನ ಮನೆಗೆ ಕಳಿಸುವುದು. ಇದು ಅವನ ಯೋಜನೆ. ಕೆಟ್ಟ ಯೋಜನೆ ಎಂದು ಯಾರು ಹೇಳುತ್ತಾರೆ? ಮುರಿಗೆಪ್ಪನೂ, ದೂಜನ ಮಕ್ಕಳ ಮುಖ ನೆನೆದು, ಗೊಣಗುತ್ತ ಒಪ್ಪಿದ.

ದೂಜನ ಕೋಟು ಅವನ ಮದುವೆಯದು. ಕಂದುಬಣ್ಣದ್ದು, ಮೈಗೆ ಅಂಟಿದಂತೆ ಕೂರುತ್ತಿತ್ತು. ಟ್ರಂಕಿನಿಂದ ತೆಗೆದು ಒಮ್ಮೆ ಕೊಡವಿ, ಕಾಲರು ನೇರ ಮಾಡಿ, "ತಗೋ ಮಾರಾಯ, ನಿನ್ನ ಬೈಬಲ್ಲಿನ ಮಾತು ನಾನು ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ನಗುತ್ತಲೇ ಕೊಟ್ಟ. ದಾನಪ್ಪ ತನ್ನ ಬೂದುಬಣ್ಣದ ಕೋಟನ್ನು ಅದರ ಮೇಲಿಟ್ಟ. ಅಪ್ಪನ ಕೋಟಿನ ಮಾತು ಬಾಯಿಯ ತನಕ ಬಂತು. ಲಾಂಡ್ರಿಯಲ್ಲಿದೆಯಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರಲಿಲ್ಲ. ಮಾರಿದರೆ ಅಪ್ಪನ ಕೋಟನ್ನು ಚೋರಬಜಾರಿನಲ್ಲಿ ಯಾರೋ ಎತ್ತಿ ಎತ್ತಿ ನೋಡುತ್ತಾರೆ. ಮಾರುವುದಿಲ್ಲ ಎಂದರೆ ಯೋಜನೆ ಹಾಕಿದವನೇ ಮೊದಲು ಜಾರಿದಂತಾಗುತ್ತದೆ. ಅದಕ್ಕಿಂತ ಸುಮ್ಮನಿರುವುದು ಸಲೀಸು.

ಮೂರೂ ಕೋಟು ಮಾರಿದ್ದಾಯಿತು. ಇನ್ನು ಹೊಲಿಸುವ ಪ್ರಸಂಗ. ಮೂವರ ಅಳತೆಯನ್ನೂ ದಾನಪ್ಪನೇ ತೆಗೆದ. ಎದೆ, ತೋಳು, ಉದ್ದ, ಎಲ್ಲವನ್ನೂ ಕೂಡಿಸಿ ಮೂರರಿಂದ ಭಾಗಿಸಿದ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ! ಆ ಚೀಟಿ ಹಿಡಿದು ಸ್ಟೇಶನ್ ಪಕ್ಕದ ದರ್ಜಿ ಚಾಚಾನ ಹತ್ತಿರ ಹೋದ. ಚಾಚಾ ಚೀಟಿ ನೋಡಿ, ಇವನನ್ನು ಕಾಲಿನಿಂದ ತಲೆಯ ತನಕ ನೋಡಿ, "ಯೇ ಆದ್ಮೀ ಕೌನ್ ಹೈ? ಇಸ್ಕೋ ಲೇಕೆ ಆವೋ," ಎಂದ. ಕರೆತರಲು ಅಂಥ ಮನುಷ್ಯನಿದ್ದರೆ ತಾನೇ?

"ಯೇ ಆದ್ಮೀ ನಹೀ ಚಾಚಾ, ಸಿದ್ಧಾಂತ್ ಹೈ," ಎಂದ ದಾನಪ್ಪ ಗಂಭೀರವಾಗಿ.

ಚಾಚಾ ಹೊಲಿದುಕೊಟ್ಟ. ಖೋಲಿಯಲ್ಲಿ ತೊಡುವ ಸಮಾರಂಭ ನಡೆಯಿತು. ದಾನಪ್ಪ ತೊಟ್ಟರೆ ಮುಂಗೈ ಮೇಲೆ ಗೇಣು ತೋಳು ಸಾಲದು. ತಮ್ಮನ ಕೋಟು ಕದ್ದು ತೊಟ್ಟವನಂತೆ ಕಂಡ. ದೂಜ ತೊಟ್ಟರೆ ಗುಂಡಿ ಕೂರದು, ಬೆರಳೆಲ್ಲ ತೋಳಿನೊಳಗೆ ಮಾಯ. ಕೊನೆಗೆ ಮುರಿಗೆಪ್ಪ, ಸಮಾಜವಾದದ ಹೆಸರೆತ್ತಿದರೆ ಉರಿದು ಬೀಳುವ ಮುರಿಗೆಪ್ಪ, ತೊಟ್ಟ. ಭುಜ ಭುಜಕ್ಕೆ, ತೋಳು ತೋಳಿಗೆ, ಗುಂಡಿ ಗುಂಡಿಗೆ. ಎತ್ತರದವನೂ ಗಿಡ್ಡನೂ ಸೇರಿ ಸರಾಸರಿ ಮುರಿಗೆಪ್ಪ ಆಗಿದ್ದರು.

"ನಾನೂ ಇವತ್ತಿಂದ ಸಮಾಜವಾದಿ ನೋಡ್ರಪಾ," ಎಂದು ಅವನು ಕನ್ನಡಿಯ ಮುಂದೆ ಎದೆ ಸೆಟೆಸಿದ. ದೂಜ ಹೊಟ್ಟೆ ಹಿಡಿದುಕೊಂಡು ನಕ್ಕ. ದಾನಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಒಳಗೆ ಮಾತ್ರ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಗಿತ್ತು.

ಎರಡು ಮೂರು ಪಾಳಿ ಕಳೆಯುವಷ್ಟರಲ್ಲಿ ದೂಜ ಆ ಕೋಟು ತೊಡುವುದನ್ನೇ ಬಿಟ್ಟ. ಕೆಥೋಲಿಕರ ದೇವಾಲಯವಾದ ಇಗರ್ಜಿಯಲ್ಲಿ ಹುಡುಗಿಯರು ಕಿಸಕ್ಕೆಂದು ನಕ್ಕಿದ್ದರಂತೆ. ಬರೀ ಅಂಗಿಯಲ್ಲೇ ಪೂಜೆಗೆ ಹೋಗತೊಡಗಿದ. ಸೆಕೆ, ಅಂಗಿಯೇ ಹಗುರ ಎನ್ನುತ್ತಿದ್ದ. ಮಳೆಗಾಲದಲ್ಲೂ ಸೆಕೆ ಎಂದ. ಅವನು ಅಂಗಿ ತೊಟ್ಟು ಹೊಸ್ತಿಲು ದಾಟುವಾಗಲೆಲ್ಲ ದಾನಪ್ಪ ಯಾವುದೋ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದ. ಲಾಂಡ್ರಿಯಲ್ಲಿ ನೇತಾಡುತ್ತಿರುವ ಕೋಟು ದೂಜನ ಮೈಗೇ ಹೊಲಿದಂತಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲವೇ? ಗೋದಾಮಿನಲ್ಲಿ ಮೂಟೆಯನ್ನು ಕಣ್ಣಳತೆಯಲ್ಲೇ ತೂಗುವವನಿಗೆ ಗೊತ್ತಾಗದೆ ಇರುತ್ತದೆಯೇ!

ಪ್ರತಿ ಆದಿತ್ಯವಾರ ಸಭೆ ಮುಗಿಸಿ ಅವನು ಕದ್ದುಮುಚ್ಚಿ ಲಾಂಡ್ರಿಗೆ ಹೋಗುತ್ತಿದ್ದ. ಸಿದ್ದರಾಮಪ್ಪನಿಗೆ ಇದೊಂದು ಒಗಟು. "ಇದನ್ನ ಎಷ್ಟ ಸಲ ಇಸ್ತ್ರಿ ಮಾಡಸ್ತೀರ್ರಿ? ಒಮ್ಮಿನೂ ಒಯ್ಯಂಗಿಲ್ಲ, ಒಮ್ಮಿನೂ ತೊಡಂಗಿಲ್ಲ. ಅರಿವಿ ಸವದ ಹೋಗ್ತೈತ್ರಿ." ದಾನಪ್ಪ, ಅಪ್ಪನ ಕೊಡೆ ಸಿಕ್ಕಿಸಿ ಸಿಕ್ಕಿಸಿ ನುಣುಪಾಗಿದ್ದ ಎಡ ಹೆಗಲನ್ನೊಮ್ಮೆ ಸವರಿ, ಬಂದ ದಾರಿ ಹಿಡಿಯುತ್ತಿದ್ದ. ರೈಲಿನಲ್ಲಿ ಕೂತು ತನ್ನನ್ನೇ ಉಗಿದುಕೊಳ್ಳುತ್ತಿದ್ದ: ಭೇಷ್ ದಾನಪ್ಪ! ಗಿರಣಿ ಮಾಲೀಕರು ಬಂಗಲೆ ಬಚ್ಚಿಡುತ್ತಾರೆ, ನೀನು ಹರಕು ಕೋಟು ಬಚ್ಚಿಟ್ಟೆ. ಬಂಡವಾಳಗಾರನಾಗಲಿಕ್ಕೂ ಒಂದು ಯೋಗ್ಯತೆ ಬೇಕು.

ಒಂದು ಸಂಜೆಯಂತೂ ಸತ್ತೇ ಹೋದ ಎಂದುಕೊಂಡ. ಆವತ್ತು ಸಭೆಯ ಬೈಬಲ್ ಪಾಠ ಅನನೀಯನದು. ಹೊಲ ಮಾರಿ, ಅರ್ಧ ಬಚ್ಚಿಟ್ಟು, ಎಲ್ಲ ತಂದಿದ್ದೇನೆ ಎಂದು ಅಪೊಸ್ತಲರ ಮುಂದೆ ಸುಳ್ಳು ಹೇಳಿ, ನಿಂತ ನೆಲದಲ್ಲೇ ಬಿದ್ದು ಸತ್ತ ಅನನೀಯ. ಓದಿ ಖೋಲಿಗೆ ಬಂದ ದಾನಪ್ಪ ದಾರಿಯಲ್ಲಿ ಕಟ್ಟಿಸಿಕೊಂಡಿದ್ದ ಕಾಂದಾಭಜಿಯನ್ನೆಲ್ಲ ತಿಂದ. ತಿಂದ ಮೇಲೆ ಎದೆ ಹಿಡಿದುಕೊಂಡಿತು. ಬೆವರು. ಬಂತಪ್ಪ ತೀರ್ಪು! "ದೂಜಣ್ಣಾ, ನಿನಗೊಂದ ಮಾತ ಹೇಳಬೇಕು, ನಾನು, ನಾನು..." ಎಂದು ಗೋಡೆಗೊರಗಿದ. ದೂಜ ಓಡಿಹೋಗಿ ಸೋಡಾ ತಂದು ಕುಡಿಸಿದ. ದೊಡ್ಡದೊಂದು ತೇಗು ಬಂತು. ತೇಗಿನ ಜೊತೆ ಎದೆನೋವೂ ಹೋಯಿತು, ಹೇಳಬೇಕಾದ ಮಾತೂ ಹೋಯಿತು.

"ಎಂತ ಹೇಳ್ಬೇಕಿತ್ತು ಮಾರಾಯ?"

"ಭಜಿ... ಭಜಿ ಭಾಳ ಖಾರ ಇತ್ತು."

ಹೀಗಿರುವಾಗ ಸಾಂತಾಕ್ರೂಜ್‌ನಲ್ಲಿ ವಿಮಾನದ ಜನರಿಗೆಂದು ಹೊಸ ಹೋಟೆಲೊಂದು ತೆರೆಯುವ ಸುದ್ದಿ ಬಂತು. ಊಟದ ಹಾಲಿಗೆ ಒಬ್ಬ ಮುಖ್ಯ ವೇಟರ್ ಬೇಕು, ಅನುಭವ ಇದ್ದವರು ಆದಿತ್ಯವಾರ ಸಂಜೆ ಬಂದು ಸಾಹೇಬರನ್ನು ಕಾಣಬೇಕು, ಕೋಟು ತೊಟ್ಟು ಶುಚಿಯಾಗಿ ಬರಬೇಕು. ದೂಜನಿಗೆ ಇಂಗ್ಲಿಷ್ ಬರುತ್ತಿತ್ತು, ಮೇಜಿನ ಮೇಲೆ ಯಾವ ಚಮಚ ಎಲ್ಲಿರಬೇಕು ಎಂಬುದು ಕಣ್ಣು ಮುಚ್ಚಿದರೂ ಬರುತ್ತಿತ್ತು. ಮೈಗೆ ಬಾರದ್ದು ಕೋಟೊಂದೇ.

"ಇದೊಂದು ಆಗದಿದ್ರೆ ನಾನು ಊರಿಗೆ ಹೋಗುದೇ," ಎಂದ ಅವನು, ಅನ್ನ ಬಸಿಯುತ್ತ. "ಆದರೆ ಊರಲ್ಲಿ ಎಂತ ಉಂಟು? ಈ ಪ್ರಾಯದಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರ್ಲಿಕ್ಕೆ ನನ್ನನ್ನು ಯಾರು ತಗೊಳ್ತಾರೆ? ದೊಡ್ಡವಳ ಮದುವೆ ಮಾತು ಬೇರೆ ಆಗಿದೆ." ಇಷ್ಟು ಹೇಳಿ ಅವನು ಎಂದಿನಂತೆ ನಗಲಿಲ್ಲ. ದಾನಪ್ಪ ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದ.

ಅದೇ ಆದಿತ್ಯವಾರ, ಅದೇ ಸಂಜೆ, ದಾನಪ್ಪನ ದೊಡ್ಡ ಭಾಷಣ. 'ಕ್ರಿಸ್ತನ ದಾರಿ ಯಾವುದು, ಸಮಾಜವಾದವೋ ಬಂಡವಾಳವಾದವೋ' ಎಂಬ ವಿಷಯ. ಪುಣೆಯ ಪಾದ್ರಿಗಳು ಬರುವವರಿದ್ದರು, ಮಾಟುಂಗಾದಿಂದ ಕಾಲೇಜು ಕಲಿತವರೂ ಬರುವವರಿದ್ದರು. ಕೋಟಿನ ಪಾಳಿಯೂ ಅವನದೇ. ಕೋಟಿಲ್ಲದೆ ವೇದಿಕೆ ಹತ್ತುವುದು ಉಪದೇಶಿಯ ಮಗನಿಗೆ ಆಗದ ಮಾತು. ಅಪ್ಪ ವೈಶಾಖದ ಬಿಸಿಲಿನಲ್ಲೂ ಗುಂಡಿ ಬಿಚ್ಚದೆ ವಾಕ್ಯ ಹೇಳಿದವನು.

"ಕೋಟು ನೀನೇ ತಗೋ," ಎಂದ ದೂಜ ಆ ಮಧ್ಯಾಹ್ನ. "ನನಗೆ ಹೇಗೂ ಗುಂಡಿ ಕೂರುದಿಲ್ಲ. ಅದನ್ನು ಹಾಕಿ ಹೋದ್ರೆ ಸರ್ಕಸ್ಸಿನವ ಅಂತ ಗೇಟಿನಲ್ಲೇ ನಗ್ತಾರೆ. ಅಂಗಿ ಒಗೆದು ಗಂಜಿ ಹಾಕಿದ್ದೇನೆ, ಸಾಕು."

ಈಗಲಾದರೂ ಬಾಯಿ ಬಿಡಬಹುದಿತ್ತು. ದಾನಪ್ಪ ಬಾಯಿ ಬಿಟ್ಟ ಕೂಡ. ಹೊರಗೆ ಬಂದದ್ದು, "ನಿನಗಾಗಿ ಪ್ರಾರ್ಥನಾ ಮಾಡ್ತೀನಿ ದೂಜಣ್ಣ" ಎಂಬ ಮಾತು. ಥೂ! ಆ ಮಾತು ತನ್ನ ಕಿವಿಗೇ ಬಿದ್ದಾಗ ಅವನಿಗೆ ಅಸಹ್ಯವಾಯಿತು. ಆದರೂ ಕೋಟು ತೆಗೆದುಕೊಂಡ. ಗೇಣುದ್ದ ಕೈ ಹೊರಗೆ ಬಿಟ್ಟುಕೊಂಡು ಪಾರ್ಲೆಯ ರೈಲು ಹತ್ತಿದ.

ಹಾಲು ತುಂಬಿತ್ತು. ಭಾಷಣ ಚೆನ್ನಾಗಿಯೇ ನಡೆಯಿತು, ಅದೇ ಪೀಕಲಾಟ. ದಾನಪ್ಪ ಎರಡೂ ಕಡೆಯ ಮಾತನ್ನು ನ್ಯಾಯವಾಗಿ ಇಟ್ಟ. ಬಂಡವಾಳದವರು ಹೇಳುವಂತೆ ದುಡಿಮೆ, ಮಿತವ್ಯಯ, ಸ್ವಂತ ಜವಾಬ್ದಾರಿ, ಇವೆಲ್ಲ ದೇವರು ಮೆಚ್ಚುವ ಗುಣಗಳೇ, ಬಲವಂತದಿಂದ ಕೊಡಿಸಿದ ದಾನ ದಾನವಲ್ಲ ಎಂಬುದೂ ನಿಜವೇ. ಆದರೆ ಹಸಿದವನ ಎದುರು ತುಂಬಿದ ಕಣಜಕ್ಕೆ ಬೀಗ ಹಾಕಿ, ಇದು ನನ್ನ ಮಿತವ್ಯಯ ಎಂದರೆ ಯಾವ ದೇವರು ಒಪ್ಪುತ್ತಾನೆ? ತಲೆಗಳು ತೂಗಿದವು. ಅವನಿಗೆ ಹುರುಪು ಬಂತು. ಯೋರ್ದನ್ ಹೊಳೆಯ ದಡದಲ್ಲಿ ಜನರೆಲ್ಲ ಬಂದು, ನಾವು ಏನು ಮಾಡಬೇಕು ಎಂದು ಕೇಳಿದಾಗ ಸ್ನಾನಿಕನಾದ ಯೋಹಾನ ದೊಡ್ಡ ಶಾಸ್ತ್ರವನ್ನೇನೂ ಹೇಳಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಅಷ್ಟೇ ಎಂದ. ಹೀಗೆ ಹೇಳುತ್ತ ಎರಡೂ ಕೈ ಮೇಲೆತ್ತಿದ. ಕೋಟಿನ ತೋಳು ಮೊಣಕೈಗೆ ಜಾರಿತು, ಮುಂದಿನ ಸಾಲಿನ ಮಕ್ಕಳು ಕಿಲಕಿಲ ನಕ್ಕರು.

ಹಿಂದಿನ ಬೆಂಚಿನಿಂದ ಮುರಿಗೆಪ್ಪ ಎದ್ದ. ವಾದ ಮಾಡುವ ಹುಕಿಯಷ್ಟೇ ಅವನದು, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. "ಒಂದ ಮಾತ ಕೇಳ್ಲ್ಯಾ? ಒಂದೂ ಇಲ್ಲದಾಂವಗ ಕೊಡೂದು ಯಾರ ಕೆಲಸರೀ? ಸರಕಾರದ್ದೋ, ಎರಡ ಇದ್ದಾಂವಂದೋ?"

ಒಳ್ಳೆಯ ಪ್ರಶ್ನೆ ಎಂದರು ಪಾದ್ರಿಗಳು. ಇಂಥ ಪ್ರಶ್ನೆಗೆ ಅರ್ಧ ತಾಸಿನ ಉತ್ತರ ದಾನಪ್ಪನ ಕಿಸೆಯಲ್ಲಿ ಸದಾ ಇರುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಗಂಜಿ ಹಾಕಿದ ಬಿಳಿಯಂಗಿಯಲ್ಲಿ ದೂಜ ಹೋಟೆಲಿನ ಗೇಟಿನ ಹತ್ತಿರ ನಿಂತಿದ್ದ. ವೇದಿಕೆಯ ಕನ್ನಡ ಎಲ್ಲಿ ಹೋಯಿತೋ, ಬೆಟಗೇರಿಯದೇ ಬಂತು.

"ಎರಡ ಇದ್ದಾಂವಂದು," ಎಂದ. "ಎರಡ ಇದ್ದಾಂವಂದs. ಮಾಫ್ ಮಾಡ್ರಿ." ವೇದಿಕೆ ಇಳಿದು, ಬೆಂಚುಗಳ ನಡುವೆ ಉದ್ದ ಕಾಲು ಹಾಕುತ್ತ ಹಾಲಿನಿಂದ ಹೊರಗೆ ಹೊರಟೇಹೋದ. ಹೊಟ್ಟೆ ಕೆಟ್ಟಿರಬೇಕು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರಂತೆ.

ಆದಿತ್ಯವಾರ ಮಧ್ಯಾಹ್ನದ ಮೇಲೆ ಲಾಂಡ್ರಿಗೆ ಬಾಗಿಲು. ಒಳಗೆ ಇಸ್ತ್ರಿಯ ಮೇಜಿನ ಮೇಲೇ ಮಲಗಿದ್ದ ಸಿದ್ದರಾಮಪ್ಪ ಬಾಗಿಲು ಬಡಿದ ರಭಸಕ್ಕೆ ಬೆಂಕಿ ಬಿತ್ತೆಂದು ಎದ್ದ. ಕೋಟನ್ನು ಕಂಡು, "ಅಂತೂ ಒಯ್ತೀರಲ್ಲ, ದೇವರ ದೊಡ್ಡಾಂವ," ಎಂದ. ಪಾರ್ಲೆಯಿಂದ ಸಾಂತಾಕ್ರೂಜ್ ಒಂದೇ ಸ್ಟೇಶನ್. ಆ ಒಂದು ಸ್ಟೇಶನ್ನಿನುದ್ದಕ್ಕೂ ದಾನಪ್ಪ ಬಾಗಿಲಲ್ಲಿ ನಿಂತು, ಕೋಟು ಮುದುಡದಂತೆ ತಲೆಯ ಮೇಲೆತ್ತಿ ಹಿಡಿದಿದ್ದ. ಇಳಿದು ಓಡಿದ. ಜೀವಮಾನದಲ್ಲಿ ಅವನ ಉದ್ದ ಕಾಲುಗಳು ಉಪಯೋಗಕ್ಕೆ ಬಂದದ್ದು ಆವತ್ತೊಂದೇ ದಿನ.

ಹೋಟೆಲಿನ ಹಿಂದಿನ ಗೇಟಿನಲ್ಲಿ ಕೆಲಸಕ್ಕೆ ಬಂದವರು ನಿಂತಿದ್ದರು, ಎಲ್ಲರೂ ಕೋಟಿನಲ್ಲಿ. ದೂಜ ಸ್ವಲ್ಪ ದೂರ, ಒಬ್ಬನೇ, ಕಾಂಪೌಂಡಿನ ಗೋಡೆಗೆ ಬೆನ್ನು ಮಾಡಿ ನಿಂತಿದ್ದ. ದರವಾನ ಇವನನ್ನು ಹಿಂದಕ್ಕೆ ಸರಿ, ಹಿಂದಕ್ಕೆ ಸರಿ ಎಂದು ಅಲ್ಲಿಯ ತನಕ ತಳ್ಳಿದ್ದನಂತೆ.

"ನೀನೆಂತ ಇಲ್ಲಿ? ಭಾಷಣ?"

"ಅದ ಇರ್ಲಿ. ಮೊದಲ ಇದನ್ನ ಹಾಕ್ಕೋ."

ದೂಜ ತೊಟ್ಟ. ಹೆಗಲು ಕೂತಿತು, ಗುಂಡಿ ಕೂತಿತು, ತೋಳು ಮಣಿಕಟ್ಟಿನಲ್ಲಿ ಬಂದು ನಿಂತಿತು. ಅವನ ಮುಖ ಅರಳಿತು. ಎರಡೂ ಕೈಯಿಂದ ಮುಂಭಾಗ ಸವರಿಕೊಂಡು, "ದೇವರೇ!" ಎಂದ. ಆಮೇಲೆ, "ಯಾರದ್ದು ಇದು?"

ಸುಳ್ಳು ತಯಾರಾಗಿತ್ತು. ಲಾಂಡ್ರಿಗೆ ಬಂದ ಯಾರೋ ಗಿರಾಕಿಯದು, ಒಂದು ದಿನಕ್ಕೆಂದು ಕಾಡಿ ಬೇಡಿ ತಂದೆ. ರೈಲಿನಲ್ಲೇ ಕಟ್ಟಿಟ್ಟುಕೊಂಡ ಚೆಂದದ ಸುಳ್ಳು. ದಾನಪ್ಪ ಅದನ್ನು ನುಂಗಿದ.

"ನಮ್ಮಪ್ಪಂದು. ಮಾರಲಿಲ್ಲ ನಾನು. ಮುಚ್ಚಿಟ್ಟಿದ್ದೆ."

"ಯಾವಾಗಿಂದ?"

"ಮೊದಲಿಂದಲೂ."

ದೂಜನ ದುಂಡು ಮುಖದಲ್ಲಿ ಸಿಟ್ಟು ಬಂದದ್ದನ್ನು ದಾನಪ್ಪ ಅಲ್ಲಿಯ ತನಕ ಕಂಡಿರಲಿಲ್ಲ. "ನಾನು ನನ್ನ ಮದುವೆ ಕೋಟು ಕೊಟ್ಟೆ ದಾನಪ್ಪ. ಅದನ್ನು ಹಾಕಿಯೇ ನನ್ನ ಹೆಂಡತಿಯ ಕೈ ಹಿಡ್ಕೊಂಡು ಇಗರ್ಜಿಯಿಂದ ಹೊರಗೆ ಬಂದದ್ದು ನಾನು. ಕೊಡುವಾಗ ನನ್ನ ಹೊಟ್ಟೆಯಲ್ಲಿ ಎಂತ ಆಯ್ತು ಅಂತ ನಿನಗೆ ಗೊತ್ತುಂಟಾ? ನೀನು ವಾಕ್ಯ ಹೇಳಿದೆ, ನಾನು ಕೊಟ್ಟೆ. ನಮ್ಮಪ್ಪನ ಕೋಟು, ಮಾರ್ಲಿಕ್ಕೆ ಮನಸ್ಸು ಬರುದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾವು ಮಾರು ಅಂತ ಹೇಳ್ತಿದ್ದೆವಾ? ಇಟ್ಕೋ ಮಾರಾಯ ಅಂತಿದ್ದೆವು. ಆಗ ನನಗೂ ನನ್ನದು ಇಟ್ಕೊಳ್ಳುವ ಧೈರ್ಯ ಬರ್ತಿತ್ತು."

ಅಷ್ಟರಲ್ಲಿ ದರವಾನ ದೂಜನ ಹೆಸರು ಕೂಗಿದ. ದೂಜ ಕಾಲರು ಸರಿಮಾಡಿಕೊಂಡು, ಮುಖದ ಸಿಟ್ಟನ್ನು ಕರವಸ್ತ್ರದಿಂದ ಒರೆಸಿದವನಂತೆ ಒರೆಸಿ, ಒಳಗೆ ನಡೆದ. ದಾನಪ್ಪ ಗೋಡೆಗೊರಗಿ ಕಾದ. ಪ್ರಾರ್ಥನೆ ಮಾಡೋಣವೆಂದರೆ ಯಾವ ಮುಖ ಹೊತ್ತು ಮಾಡುವುದು? ಸ್ವಾಮೀ, ನನ್ನ ಪುಣ್ಯಕ್ಕಲ್ಲ, ಅವನ ಚಮಚಗಳ ಪುಣ್ಯಕ್ಕಾದರೂ ಕೊಡು ಎಂದ.

ಕೊಟ್ಟ. ದೂಜ ಹೊರಗೆ ಬಂದಾಗ ಬಿಗಿ ತುಟಿಯಲ್ಲೂ ನಗು ತಡೆಯಲಾಗುತ್ತಿರಲಿಲ್ಲ. "ಆಯ್ತು. ನಾಳೆಯಿಂದಲೇ ಬಾ ಅಂದ್ರು." ದಾನಪ್ಪ ಅವನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಸಂತೋಷ ನಿಜವಾದದ್ದೇ. ಕೈ ಬಿಟ್ಟ ಮೇಲೆ ಮಾತ್ರ ಅವನ ಕಣ್ಣು ಕೋಟಿನ ಮೇಲೆ ಹೋಯಿತು. ಇನ್ನೇನು ಬಿಚ್ಚುತ್ತಾನೆ ಎಂದು ನಿಂತ. ದೂಜ ಬಿಚ್ಚಲಿಲ್ಲ.

"ಇದು ನಾನು ಇಟ್ಕೊಳ್ತೇನೆ," ಎಂದ ದೂಜ.

ದಾನಪ್ಪನ ಬಾಯಿಗೆ ಎಷ್ಟು ಮಾತು ನುಗ್ಗಿ ಬಂತು! ಪಿತ್ರಾರ್ಜಿತ ಅಂದರೇನು, ಸ್ವಂತದ್ದು ಅಂದರೇನು, ಬಲವಂತದ ದಾನ ದಾನವಲ್ಲ, ನನ್ನ ಬದುಕು ನನ್ನ ಇಷ್ಟ. ಮುರಿಗೆಪ್ಪ ಇಷ್ಟು ದಿನ ಸ್ಟೋವಿನ ಮುಂದೆ ಹೇಳಿದ್ದೆಲ್ಲ ಒಂದಕ್ಷರ ಬಿಡದೆ ನೆನಪಾಯಿತು. ಒಂದೊಂದನ್ನೂ ತಾನು ಖಂಡಿಸಿದ್ದೆನಲ್ಲ, ಯಾವಾಗ ಬಾಯಿಪಾಠ ಮಾಡಿಕೊಂಡೆ? ಅವನಿಗೇ ನಗು ಬಂತು. ನಗಲು ಹೋದರೆ ಕಣ್ಣಲ್ಲಿ ನೀರು ಬಂತು.

"ಇಟ್ಕೋ," ಎಂದ.

ಇಬ್ಬರೂ ಸ್ಟೇಶನ್ನಿನ ಕಡೆ ನಡೆದರು. ಮುರಿಗೆಪ್ಪನಿಗೆ ಆ ಮೂವರ ಅಳತೆಯ ಕೋಟನ್ನು ಪೂರ್ತಿಯಾಗಿ ಬಿಟ್ಟುಕೊಡುವುದೆಂದು ದಾರಿಯಲ್ಲೇ ತೀರ್ಮಾನವಾಯಿತು. ಮುಂದೆ ಅವನು ಅದನ್ನು ತೊಟ್ಟೇ ತನ್ನ ಅಂಗಡಿಯ ಬಾಗಿಲು ತೆರೆದ, ಅದು ಬೇರೆ ಮಾತು. ಸ್ಟೇಶನ್ ಹತ್ತಿರವಾಗುವಷ್ಟರಲ್ಲಿ ದೂಜನ ಸಿಟ್ಟು ಅರ್ಧ ಇಳಿದಿತ್ತು. ಎದುರು ನೋಡುತ್ತಲೇ ಹೇಳಿದ: "ನಿನಗೆ ಅಪ್ಪನನ್ನು ನೋಡ್ಬೇಕು ಅಂತ ಆದ್ರೆ ಆದಿತ್ಯವಾರ ಬೆಳಿಗ್ಗೆ ನಮ್ಮ ಇಗರ್ಜಿಗೆ ಬಾ. ನಾನು ಇದನ್ನೇ ಹಾಕಿ ಬರುದು."

ಮಿಶನ್ನಿನ ಉಪದೇಶಿಯ ಮಗ ಕೆಥೋಲಿಕರ ಇಗರ್ಜಿಗೆ! ವಾರವೆಲ್ಲ ದಾನಪ್ಪ ಅದನ್ನು ತಲೆಯಲ್ಲಿ ಉರುಳಿಸಿದ, ಸತ್ತ ಅಪ್ಪ ಏನಂದಾನು ಎಂದು ಹೆದರಿದ, ಕೊನೆಗೆ ಆದಿತ್ಯವಾರ ಬರೀ ಅಂಗಿಯಲ್ಲಿ ಹೋಗಿ ವಡಾಲದ ಇಗರ್ಜಿಯ ಕಟ್ಟಕಡೆಯ ಬೆಂಚಿನಲ್ಲಿ ಕೂತ. ಲ್ಯಾಟಿನ್ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಎದ್ದಾಗ ಕೂತಿದ್ದ, ಎಲ್ಲರೂ ಕೂತಾಗ ಎದ್ದ, ಪಕ್ಕದ ಮುದುಕಿಯಿಂದ ಕೆಂಗಣ್ಣು ತಿಂದ. ಇದೆಲ್ಲ ಯಾವ ಕರ್ಮಕ್ಕೆ ಎಂದು ತನ್ನನ್ನೇ ಬೈದುಕೊಳ್ಳುತ್ತಿರುವಾಗ ಜನ ಪ್ರಸಾದಕ್ಕೆ ಹೋಗಿ ಬರತೊಡಗಿದರು. ಸಾಲಿನಲ್ಲಿ ಕರಿಯ ಕೋಟು ಕಾಣಿಸಿತು. ಗಿಡ್ಡ ಆಳು, ದುಂಡು ಹೊಟ್ಟೆ, ತಲೆ ತಗ್ಗಿಸಿ ಕೈಮುಗಿದುಕೊಂಡು ನಿಧಾನವಾಗಿ ಇವನ ಕಡೆಗೇ ನಡೆದು ಬರುತ್ತಿತ್ತು. ಎಡ ಹೆಗಲ ನುಣುಪಿನ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಬೆಟಗೇರಿಯ ಮನೆಯಲ್ಲಿ ಅಪ್ಪ ಹಳ್ಳಿ ತಿರುಗಿ ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ದಾನಪ್ಪ ಎದ್ದು ನಿಂತ. ಸುತ್ತಲಿನವರೆಲ್ಲ ಮೊಣಕಾಲೂರಿದ್ದರು.